ನೌಶೇರಾದ ಸಿಂಹ: ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್

ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಬಳಿಯ ಖಬರ್‌ಸ್ತಾನದಲ್ಲಿ ಒಬ್ಬ ಯೋಧ ಚಿರನಿದ್ರೆಯಲ್ಲಿದ್ದಾರೆ. ಅವರ ಹೆಸರು ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್. ಸ್ವತಂತ್ರ ಭಾರತದ ಮೊದಲ ಯುದ್ಧದಲ್ಲಿ ಪ್ರಾಣತೆತ್ತ ಅತ್ಯುನ್ನತ ದರ್ಜೆಯ ಭಾರತೀಯ ಸೇನಾಧಿಕಾರಿ ಅವರು. ಆದರೆ ನಮ್ಮ ಮನೆಗಳ ಎಷ್ಟು ಮಕ್ಕಳಿಗೆ ಈ ಹೆಸರು ಪರಿಚಿತವಾಗಿದೆ?

1912ರ ಜುಲೈ 15ರಂದು ಆಝಮ್‌ಗಢ ಪ್ರದೇಶದಲ್ಲಿ ಜನಿಸಿದ ಉಸ್ಮಾನ್, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು ಬಲೂಚ್ ರೆಜಿಮೆಂಟ್ ಸೇರಿದರು. 1947ರಲ್ಲಿ ದೇಶ ವಿಭಜನೆಯಾದಾಗ ಆ ರೆಜಿಮೆಂಟ್ ಪಾಕಿಸ್ತಾನದ ಪಾಲಾಯಿತು. ಅಲ್ಲಿಗೆ ಹೋದರೆ ಉನ್ನತ ಪದವಿಗಳು ಕಾದಿದ್ದವು. ಒತ್ತಡವೂ ಇತ್ತು. ಆದರೂ ಅವರು ಹುಟ್ಟಿದ ನೆಲವನ್ನೇ ಆರಿಸಿಕೊಂಡರು. ಕೊಟ್ಟ ಮಾತನ್ನು ಪಾಲಿಸುವುದು ವಿಶ್ವಾಸಿಯ ಲಕ್ಷಣವೆಂದು ನಾವು ಕಲಿತಿದ್ದೇವೆ. ಉಸ್ಮಾನ್ ಅದನ್ನು ಬದುಕಿ ತೋರಿಸಿದರು.

1947ರ ಡಿಸೆಂಬರ್ ಕೊನೆಯಲ್ಲಿ ಜಮ್ಮುವಿನ ಝಂಗಡ್ ಶತ್ರುಗಳ ವಶವಾಯಿತು. ಅದನ್ನು ಮರಳಿ ಪಡೆಯುವವರೆಗೆ ಮಂಚದ ಮೇಲೆ ಮಲಗುವುದಿಲ್ಲವೆಂದು ಉಸ್ಮಾನ್ ಪಣತೊಟ್ಟರು. ಕೊರೆಯುವ ಚಳಿಯಲ್ಲಿ ನೆಲದ ಮೇಲೆ ಚಾಪೆಯೇ ಅವರ ಹಾಸಿಗೆಯಾಯಿತು. ಆಗ ಪಶ್ಚಿಮ ವಲಯದ ಸೇನೆಯ ಹೊಣೆ ಹೊತ್ತಿದ್ದವರು ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪನವರು. ನೌಶೇರಾಕ್ಕೆ ಭೇಟಿಯಿತ್ತ ಅವರು, ಪಟ್ಟಣದ ಮೇಲೆ ಕಣ್ಣಿಟ್ಟಂತಿದ್ದ ಕೋಟ್ ಎಂಬ ಎತ್ತರದ ನೆಲೆಯನ್ನು ತಮಗೆ ಕಾಣಿಕೆಯಾಗಿ ಕೊಡುವಂತೆ ಉಸ್ಮಾನರನ್ನು ಕೇಳಿದರು. 1948ರ ಫೆಬ್ರವರಿ ಆರಂಭದಲ್ಲಿ ಆ ಕಾಣಿಕೆ ಸಂದಿತು. ಕೆಲವೇ ದಿನಗಳಲ್ಲಿ, ಫೆಬ್ರವರಿ 6ರಂದು, ಸಾವಿರಾರು ಮಂದಿ ನೌಶೇರಾದ ಮೇಲೆ ಎರಗಿದರು. ಉಸ್ಮಾನರ 50ನೇ ಪ್ಯಾರಾಶೂಟ್ ಬ್ರಿಗೇಡ್ ಆ ದಾಳಿಯನ್ನು ಹಿಮ್ಮೆಟ್ಟಿಸಿತು. ಅಂದಿನಿಂದ ಅವರು 'ನೌಶೇರಾದ ಸಿಂಹ'ರಾದರು. ಮಾರ್ಚ್ ತಿಂಗಳಲ್ಲಿ ಝಂಗಡ್ ಕೂಡ ಮರಳಿ ವಶವಾಯಿತು. ಆ ರಾತ್ರಿ ಅವರಿಗಾಗಿ ಹಳ್ಳಿಯೊಂದರಿಂದ ಮಂಚವನ್ನು ಎರವಲು ತರಬೇಕಾಯಿತು!

ರಣರಂಗದ ಈ ಕಠಿಣ ಯೋಧನ ಹೃದಯ ಮೃದುವಾಗಿತ್ತು. ಅವಿವಾಹಿತರಾಗಿದ್ದ ಅವರು ತಮ್ಮ ಸಂಬಳದ ಬಹುಭಾಗವನ್ನು ಬಡಮಕ್ಕಳ ಓದಿಗೆ ವಿನಿಯೋಗಿಸುತ್ತಿದ್ದರು. ನೌಶೇರಾದ ಅನಾಥ ಬಾಲಕರನ್ನು 'ಬಾಲಕ ಸೇನೆ'ಯಾಗಿ ಒಗ್ಗೂಡಿಸಿ, ಅವರ ಅನ್ನ ಮತ್ತು ಶಿಕ್ಷಣಕ್ಕೆ ದಾರಿ ಮಾಡಿದರು. ಅನಾಥರ ತಲೆ ನೇವರಿಸುವ ಕೈಗೆ ನಮ್ಮ ಧರ್ಮದಲ್ಲಿ ಎಂತಹ ಸ್ಥಾನವಿದೆಯೆಂಬುದನ್ನು ನಾವು ಬಲ್ಲೆವು.

1948ರ ಜುಲೈ 3ರ ಸಂಜೆ ಝಂಗಡ್‌ನಲ್ಲಿ ಫಿರಂಗಿ ಗುಂಡೊಂದು ಅವರ ಸಮೀಪದಲ್ಲೇ ಸಿಡಿಯಿತು. 36 ವರ್ಷ ತುಂಬಲು ಇನ್ನು 12 ದಿನಗಳಷ್ಟೇ ಉಳಿದಿದ್ದವು. ದೆಹಲಿಯಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ಪ್ರಧಾನಿ ನೆಹರೂ ಪಾಲ್ಗೊಂಡರು. ರಾಷ್ಟ್ರವು ಮಹಾವೀರ ಚಕ್ರವನ್ನಿತ್ತು ಗೌರವಿಸಿತು.

2020ರ ಡಿಸೆಂಬರ್‌ನಲ್ಲಿ ಅವರ ಸಮಾಧಿಯ ಶಿಲೆ ಒಡೆದಿರುವುದು ಕಂಡುಬಂದಿತು. ಸೇನೆ ಅದನ್ನು ಸರಿಪಡಿಸಿತು. ಕಲ್ಲು ಒಡೆದರೆ ಮತ್ತೆ ಕಟ್ಟಬಹುದು, ಆದರೆ ಸ್ಮರಣೆ ಅಳಿದರೆ ಕಟ್ಟುವವರಾರು? ನಮ್ಮ ದೇಶನಿಷ್ಠೆಯನ್ನು ಯಾರಾದರೂ ಪ್ರಶ್ನಿಸಿದಾಗ ಮಾತ್ರ ಉಸ್ಮಾನರನ್ನು ನೆನೆಯುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಅವರು ಯಾರಿಗೂ ಪುರಾವೆ ಒದಗಿಸಲೆಂದು ಮಡಿದವರಲ್ಲ. ತಮ್ಮ ಕರ್ತವ್ಯವೆಂದು ಮಡಿದವರು. ಊಟದ ಹೊತ್ತಿನಲ್ಲಿ ಮಕ್ಕಳಿಗೆ ಅವರ ಕಥೆ ಹೇಳೋಣ. ಅವರಂತೆ ಒಬ್ಬ ಬಡ ವಿದ್ಯಾರ್ಥಿಯ ಓದಿನ ಹೊಣೆ ಹೊರೋಣ.

ಅಲ್ಲಾಹನು ಅವರ ಖಬರನ್ನು ಬೆಳಗಿಸಲಿ, ನಾಡಿಗಾಗಿ ಮಡಿದ ಎಲ್ಲ ಯೋಧರ ಕುಟುಂಬಗಳಿಗೆ ಸಾಂತ್ವನವೀಯಲಿ. ಆಮೀನ್.