ಕರೆಂಟು ಹೋದ ಗಳಿಗೆಯ ಲೆಕ್ಕ: ಸಾಫ್ಟ್‌ವೇರ್ ರೇಡ್ ಚೇತರಿಕೆ ನಡೆದುಬಂದ ದಾರಿ

ಯುಪಿಎಸ್‌ನ ಬ್ಯಾಟರಿ ಹಳೆಯದಾಗಿರುತ್ತದೆ. ಕರೆಂಟು ಹೋದ ಐದು ನಿಮಿಷಕ್ಕೆ ಸರ್ವರ್ ಸದ್ದಿಲ್ಲದೆ ಆರಿಹೋಗುತ್ತದೆ. ಕರೆಂಟು ಮರಳಿದಾಗ ಯಂತ್ರವೇನೋ ಏಳುತ್ತದೆ, ಆದರೆ ನಾಲ್ಕು ಡಿಸ್ಕ್ ಸೇರಿಸಿ ಕಟ್ಟಿದ್ದ ಅರೇ ಏಳುವುದಿಲ್ಲ. ಪರದೆಯ ಮೇಲೆ ಒಂದು ಸಾಲು ನಿಂತಿರುತ್ತದೆ: ‘ಕೆನಾಟ್ ಸ್ಟಾರ್ಟ್ ಡರ್ಟಿ ಡಿಗ್ರೇಡೆಡ್ ಅರೇ’. ಮದುವೆ ಫೋಟೋಗಳನ್ನೆಲ್ಲ ಅದರಲ್ಲೇ ಇಟ್ಟಿರುವ ಸ್ಟುಡಿಯೊದವರಿಗೆ, ಹತ್ತು ವರ್ಷದ ಪುಟವಿನ್ಯಾಸದ ಕಡತಗಳನ್ನು ತುಂಬಿಸಿರುವ ಡಿಟಿಪಿ ಕೇಂದ್ರದವರಿಗೆ ಇದನ್ನು ಓದಿದೊಡನೆ ಎದೆ ಧಸಕ್ಕೆನ್ನುತ್ತದೆ. ಡಿಸ್ಕ್ ಸತ್ತಿತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಯಾವ ಡಿಸ್ಕೂ ಸತ್ತಿರುವುದಿಲ್ಲ. ಕರೆಂಟು ಹೋದ ಗಳಿಗೆಯಲ್ಲಿ ಏನು ನಡೆಯುತ್ತಿತ್ತು ಎಂಬ ಬಗ್ಗೆ ನಾಲ್ಕು ಡಿಸ್ಕ್‌ಗಳ ಲೆಕ್ಕ ತಾಳೆಯಾಗುತ್ತಿರುವುದಿಲ್ಲ, ಅಷ್ಟೆ. ಸಾಫ್ಟ್‌ವೇರ್ ರೇಡ್‌ನ ಮೂವತ್ತು ವರ್ಷದ ಬೆಳವಣಿಗೆಯನ್ನು ನಾನು ಈ ಒಂದು ಎಳೆ ಹಿಡಿದೇ ನೋಡುತ್ತೇನೆ: ಆ ಗಳಿಗೆಯ ಲೆಕ್ಕವನ್ನು ಯಾರು ಬರೆದಿಡಬೇಕು, ಎಲ್ಲಿ ಬರೆದಿಡಬೇಕು?

ರೇಡ್ ಎಂಬ ಹೆಸರು ಬಂದದ್ದು 1988ರಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಬರೆದ ಪ್ರಬಂಧ ಅದಕ್ಕೆ ಮೂಲ. ಐಬಿಎಂ 3380ರಂಥ ದೊಡ್ಡ, ದುಬಾರಿ ಡಿಸ್ಕ್‌ನ ಬದಲು 100 ಎಂಬಿಯ ಅಗ್ಗದ ಡಿಸ್ಕ್‌ಗಳನ್ನು ಗುಂಪಾಗಿ ಕಟ್ಟಿದರೆ ವೇಗವೂ ಸಿಗುತ್ತದೆ, ದುಡ್ಡೂ ಉಳಿಯುತ್ತದೆ. ಒಂದು ಕೆಟ್ಟರೆ ಉಳಿದವುಗಳಿಂದ ಅದರ ದತ್ತಾಂಶವನ್ನು ಮತ್ತೆ ಲೆಕ್ಕ ಹಾಕಿ ತೆಗೆಯಬಹುದು ಎಂಬುದು ಅವರ ವಾದ. ಕಲ್ಪನೆ ಅದಕ್ಕೂ ಹಳೆಯದು. ಕೆಟ್ಟ ಡಿಸ್ಕ್‌ನ ಮಾಹಿತಿಯನ್ನು ಮರಳಿ ಪಡೆಯುವ ವ್ಯವಸ್ಥೆಗೆ ಐಬಿಎಂನ ನಾರ್ಮನ್ ಕೆನ್ ಓಚಿ ಅವರಿಗೆ 1978ರಲ್ಲೇ ಪೇಟೆಂಟ್ ಸಿಕ್ಕಿತ್ತು. ಬರ್ಕ್ಲಿಯವರು ಅದಕ್ಕೆ ಹೆಸರು ಕೊಟ್ಟು, 1ರಿಂದ 5ರವರೆಗೆ ಹಂತಗಳನ್ನು ಗುರುತಿಸಿದರು.

ಐದನೆಯ ಹಂತದ ಒಳಗುಟ್ಟನ್ನು ಚಿಕ್ಕ ಲೆಕ್ಕದಲ್ಲಿ ತೋರಿಸಬಹುದು. ಮೂರು ಡಿಸ್ಕ್ ಇವೆ ಎನ್ನಿ. ಮೊದಲನೆಯದರಲ್ಲಿ 5, ಎರಡನೆಯದರಲ್ಲಿ 3. ಇವುಗಳ ದ್ವಿಮಾನ ರೂಪ 101 ಮತ್ತು 011. ಒಂದೊಂದು ಸ್ಥಾನದಲ್ಲೂ ಎರಡು ಅಂಕಿ ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1 ಬರೆದರೆ 110 ಬರುತ್ತದೆ, ಅಂದರೆ 6. ಇದೇ ಪ್ಯಾರಿಟಿ; ಇದು ಮೂರನೆಯ ಡಿಸ್ಕ್‌ಗೆ ಹೋಗುತ್ತದೆ. ಯಾವುದೇ ಒಂದು ಡಿಸ್ಕ್ ಕಳೆದುಹೋಗಲಿ, ಉಳಿದೆರಡನ್ನು ಇದೇ ಲೆಕ್ಕಕ್ಕೆ ಹಾಕಿದರೆ ಕಳೆದದ್ದು ಸಿಗುತ್ತದೆ. (ನಿಜವಾದ ಅರೇಯಲ್ಲಿ ಪ್ಯಾರಿಟಿ ಒಂದೇ ಡಿಸ್ಕ್‌ನಲ್ಲಿ ಕೂರದೆ ಸರದಿಯಂತೆ ಎಲ್ಲದರಲ್ಲೂ ಹಂಚಿಹೋಗುತ್ತದೆ.)

ಈಗ ಮೊದಲ ಡಿಸ್ಕ್‌ನ 5ನ್ನು 4 ಮಾಡಬೇಕು. ಜೊತೆಗೆ ಪ್ಯಾರಿಟಿಯೂ 6ರಿಂದ 7 ಆಗಬೇಕು. ಎರಡು ಡಿಸ್ಕ್‌ಗೆ ಎರಡು ಬರಹ. ಎರಡೂ ಏಕಕಾಲಕ್ಕೆ ಮುಗಿಯುವ ಖಾತರಿ ಇಲ್ಲ. 4 ಬರೆದಾಯಿತು, 7 ಬರೆಯುವ ಮೊದಲು ಕರೆಂಟು ಹೋಯಿತು. ಪ್ಯಾರಿಟಿ ಇನ್ನೂ 6. ಮತ್ತೆ ಏಳುವಾಗ ಎರಡನೆಯ ಡಿಸ್ಕ್ ಕೈಕೊಟ್ಟಿತು. ಅದರಲ್ಲಿದ್ದದ್ದನ್ನು ಲೆಕ್ಕ ಹಾಕಿದರೆ 4 ಮತ್ತು 6ರಿಂದ ಬರುವುದು 2. ಅಲ್ಲಿದ್ದದ್ದು 3. ಗಮನಿಸಿ: ಆ 3ನ್ನು ಆ ಹೊತ್ತಿನಲ್ಲಿ ಯಾರೂ ಮುಟ್ಟಿರಲಿಲ್ಲ. ಅದು ಐದು ವರ್ಷದ ಹಿಂದೆ ಉಳಿಸಿಟ್ಟ ಚಿತ್ರದ ತುಣುಕಾಗಿದ್ದಿರಬಹುದು. ಪಕ್ಕದವನ ಅರ್ಧ ಕೆಲಸದಿಂದ ಅದು ಕೆಟ್ಟಿತು, ಕೆಟ್ಟಿದೆ ಎಂದು ಯಾರೂ ಹೇಳಲೂ ಇಲ್ಲ. ಇದಕ್ಕೆ ‘ರೈಟ್ ಹೋಲ್’ ಎನ್ನುತ್ತಾರೆ. ಲಿನಕ್ಸ್ ಆ ಒಂದು ಸಾಲು ಬರೆದು ಸುಮ್ಮನೆ ನಿಲ್ಲುವುದು ಈ ಕಾರಣಕ್ಕೆ. ಅರೇ ಸರಿಯಾಗಿ ಮುಚ್ಚಿಲ್ಲ, ಮೇಲಾಗಿ ಒಂದು ಡಿಸ್ಕ್ ಇಲ್ಲ. ಈ ಸ್ಥಿತಿಯಲ್ಲಿ ಲೆಕ್ಕ ಹಾಕಿ ತೆಗೆದ ಉತ್ತರವನ್ನು ನಂಬುವಂತಿಲ್ಲ ಎಂದು ಅದು ಪ್ರಾಮಾಣಿಕವಾಗಿ ಹೇಳುತ್ತಿದೆ.

ದುಬಾರಿ ರೇಡ್ ಕಾರ್ಡ್‌ಗಳು ಈ ತೊಡಕನ್ನು ತಮ್ಮಲ್ಲೇ ಇರುವ ಬ್ಯಾಟರಿಯಿಂದ ನಿಭಾಯಿಸಿದವು. ಮುಗಿಯದ ಬರಹ ಕಾರ್ಡ್‌ನ ಮೆಮೊರಿಯಲ್ಲಿ ಜೀವ ಹಿಡಿದಿರುತ್ತದೆ, ಕರೆಂಟು ಬಂದಾಗ ಪೂರ್ತಿಯಾಗುತ್ತದೆ. ಆದರೆ ಕಾರ್ಡೇ ಸುಟ್ಟರೆ ಅದೇ ತಯಾರಿಯ ಕಾರ್ಡ್ ಹುಡುಕಿಕೊಂಡು ಅಲೆಯಬೇಕು. ಸಾಫ್ಟ್‌ವೇರ್ ರೇಡ್‌ಗೆ ಆ ಹಂಗಿಲ್ಲ. ಡಿಸ್ಕ್‌ಗಳನ್ನು ಬಿಚ್ಚಿ ಬೇರೆ ಯಾವ ಲಿನಕ್ಸ್ ಯಂತ್ರಕ್ಕೆ ಹಾಕಿದರೂ ಅವು ತಮ್ಮನ್ನು ತಾವು ಗುರುತಿಸಿಕೊಳ್ಳುತ್ತವೆ. ಸಣ್ಣ ಸಂಸ್ಥೆಗಳಿಗೆ ಇಂದಿಗೂ ಇದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಗುರುತಿಸಿಕೊಳ್ಳುವ ಈ ಗುಣ ಮೊದಲಿನಿಂದ ಇರಲಿಲ್ಲ. ಲಿನಕ್ಸ್‌ನ ‘ಎಂಡಿ’ ಚಾಲಕ 1996ರ 2.0 ಕರ್ನೆಲ್‌ನ ಹೊತ್ತಿಗೆ ಬಂತು. ಮೊದಲ ರೂಪ ಮಾರ್ಕ್ ಝಿಂಗ್ಯೆ ಅವರದು, 1 ಮತ್ತು 5ನೆಯ ಹಂತಗಳನ್ನು ಇಂಗೊ ಮೋಲ್ನಾರ್, ಗಾಡಿ ಆಕ್ಸ್‌ಮನ್, ಮಿಗೆಲ್ ದೆ ಇಕಾಜಾ ಕಟ್ಟಿದರು. ಯಾವ ಡಿಸ್ಕ್ ಎಷ್ಟನೆಯದು, ಒಂದು ಡಿಸ್ಕ್‌ಗೆ ಒಮ್ಮೆಗೆ ಹೋಗುವ ದತ್ತಾಂಶದ ತುಂಡಿನ ಗಾತ್ರ ಎಷ್ಟು ಎಂಬುದೆಲ್ಲ ‘ರೇಡ್‌ಟ್ಯಾಬ್’ ಎಂಬ ಪಠ್ಯಕಡತದಲ್ಲಿ ಕೂತಿರುತ್ತಿತ್ತು. ಅರೇ ಕುಸಿದರೆ ಅಂದಿನವರ ದಾರಿ ಎದೆಗಾರಿಕೆಯದು: ಕಡತದಲ್ಲಿ ಕೆಟ್ಟ ಡಿಸ್ಕ್ ಯಾವುದೆಂದು ಗುರುತು ಹಾಕಿ, ಅದೇ ಕ್ರಮದಲ್ಲಿ ಅರೇಯನ್ನು ಹೊಸದಾಗಿ ‘ಸೃಷ್ಟಿಸಿ’ ಹಳೆಯ ದತ್ತಾಂಶದ ಮೇಲೆ ಅದನ್ನು ಕೂರಿಸುವುದು. ಕ್ರಮ ಒಂದಿಷ್ಟು ತಪ್ಪಿದರೂ ಎಲ್ಲ ಕಲಸುಮೇಲೋಗರ. ಹೀಗೆ ಸೃಷ್ಟಿಸಲು ಬಳಸುತ್ತಿದ್ದ ಉಪಕರಣದಲ್ಲಿ ‘ರಿಯಲಿ ಫೋರ್ಸ್’ ಎಂಬ ಆಯ್ಕೆ ಇತ್ತು. ನಿಜಕ್ಕೂ ಬಲವಂತ ಮಾಡುತ್ತೀಯಾ ಎಂದು ಕೇಳುವ ಆ ಹೆಸರಿನಲ್ಲೇ ಆ ಕಾಲದ ಆತಂಕ ಕಾಣುತ್ತದೆ.

ಕ್ರಮೇಣ ಲೆಕ್ಕ ಡಿಸ್ಕ್‌ಗಳೊಳಗೇ ಸೇರಿತು. ಪ್ರತಿ ಡಿಸ್ಕ್‌ನಲ್ಲೂ ‘ಸೂಪರ್‌ಬ್ಲಾಕ್’ ಎಂಬ ಸಣ್ಣ ಜಾಗ: ನಾನು ಯಾವ ಅರೇಗೆ ಸೇರಿದವನು, ಎಷ್ಟನೆಯವನು, ನನ್ನ ಜೊತೆಗಾರರು ಯಾರು ಎಂಬ ಮನೆತನದ ಪರಿಚಯ ಅಲ್ಲಿ ಇರುತ್ತದೆ. 2001ರಲ್ಲಿ ಸಿಡ್ನಿಯ ನೀಲ್ ಬ್ರೌನ್ ಈ ಪರಿಚಯವನ್ನು ಓದಿ ಅರೇ ಕಟ್ಟುವ ಉಪಕರಣ ಬರೆದರು. ಮೊದಲು ಅದರ ಹೆಸರು ‘ಎಂಡಿಸಿಟಿಎಲ್’, ಆಮೇಲೆ ‘ಎಂಡಿಆಡ್ಮ್’. ಮುಂದೆ ಸುಮಾರು ಹದಿನೈದು ವರ್ಷ ಎಂಡಿಯ ಹೊಣೆಯನ್ನು ಅವರೇ ಹೊತ್ತರು. ‘ಸೃಷ್ಟಿಸು’ ಮತ್ತು ‘ಜೋಡಿಸು’ ಎಂಬ ಎರಡು ಕೆಲಸಗಳನ್ನು ಅವರ ಉಪಕರಣ ಖಚಿತವಾಗಿ ಬೇರೆ ಮಾಡಿತು. ಚೇತರಿಕೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಸೂಪರ್‌ಬ್ಲಾಕ್‌ನೊಳಗೆ ‘ಈವೆಂಟ್ಸ್’ ಎಂಬ ಒಂದು ಸಂಖ್ಯೆ ಇದೆ. ಅರೇಯ ಸ್ಥಿತಿ ಬದಲಾದಾಗಲೆಲ್ಲ ಅದು ಏರುತ್ತದೆ, ಎಲ್ಲ ಡಿಸ್ಕ್‌ಗಳಲ್ಲೂ ದಾಖಲಾಗುತ್ತದೆ. ಅಡ್ಡಾದಿಡ್ಡಿ ಆರಿಹೋದ ಯಂತ್ರದ ಡಿಸ್ಕ್‌ಗಳನ್ನು ‘ಎಕ್ಸಾಮಿನ್’ ಆಜ್ಞೆಯಿಂದ ಒಂದೊಂದಾಗಿ ನೋಡಿದಾಗ ಹೀಗೆ ಕಂಡಿತೆನ್ನಿ: 48213, 48213, 48209, 31007. ಮೊದಲೆರಡು ಒಂದೇ ಮಾತು ಹೇಳುತ್ತಿವೆ. ಮೂರನೆಯದು ನಾಲ್ಕೇ ಹೆಜ್ಜೆ ಹಿಂದಿದೆ. ಕರೆಂಟು ಹೋದ ಗಲಿಬಿಲಿಯಲ್ಲಿ ಕೊನೆಯ ದಾಖಲೆ ತಪ್ಪಿಸಿಕೊಂಡಿದೆ. ನಾಲ್ಕನೆಯದರ ಕಥೆ ಬೇರೆ. ಅದರ ಕೊನೆಯ ದಾಖಲೆಯ ದಿನಾಂಕ ನೋಡಿದರೆ ಎಂಟು ತಿಂಗಳ ಹಿಂದಿನದು. ಅಂದರೆ ಎಂಟು ತಿಂಗಳ ಹಿಂದೆಯೇ ಅದು ಅರೇಯಿಂದ ಹೊರಬಿದ್ದಿತ್ತು, ಯಾರೂ ನೋಡಿರಲಿಲ್ಲ. ಮೊದಲ ಮೂರನ್ನು ‘ಅಸೆಂಬಲ್ ಫೋರ್ಸ್’ ಎಂದು ಜೋಡಿಸಿದರೆ ಎಂಡಿಆಡ್ಮ್ ಮೂರನೆಯದರ ಸಂಖ್ಯೆಯನ್ನು ತಿದ್ದಿಕೊಂಡು ಅರೇಯನ್ನು ಎಬ್ಬಿಸುತ್ತದೆ. ಹಾಳಾಗುವುದೇನಿದ್ದರೂ ಆ ಕೊನೆಯ ಕ್ಷಣದಲ್ಲಿ ಬರೆಯುತ್ತಿದ್ದ ಭಾಗ ಮತ್ತು ಅದರ ಜೊತೆ ಪ್ಯಾರಿಟಿ ಹಂಚಿಕೊಂಡ ಪಕ್ಕದ ಭಾಗ. ಎಂಟು ತಿಂಗಳ ಹಳೆಯದನ್ನು ಅವಸರದಲ್ಲಿ ಒಳಗೆ ಸೇರಿಸಿಕೊಂಡರೆ ಮಾತ್ರ ಹೊಸ ದತ್ತಾಂಶದ ನಡುವೆ ಹಳತು ಬೆರೆತು ಸರಿಪಡಿಸಲಾಗದ ಸ್ಥಿತಿಗೆ ಹೋಗುತ್ತದೆ. ಈ ನಾಲ್ಕು ಅಂಕಿಗಳನ್ನು ಓದಲು ಎರಡು ನಿಮಿಷ ಸಾಕು.

ಸೂಪರ್‌ಬ್ಲಾಕ್ ಬಂದ ಮೇಲೂ ಒಂದು ಕಷ್ಟ ಉಳಿಯಿತು. ಅರೇ ಸರಿಯಾಗಿ ಮುಚ್ಚಿಲ್ಲ ಎಂದಷ್ಟೇ ಅದಕ್ಕೆ ಗೊತ್ತು; ಎಲ್ಲಿ ಅರ್ಧವಾಗಿದೆ ಎಂದು ಗೊತ್ತಿಲ್ಲ. ಹಾಗಾಗಿ ಎಲ್ಲ ಡಿಸ್ಕ್ ಇದ್ದರೂ ಮೊದಲಿನಿಂದ ಕೊನೆಯವರೆಗೆ ಪ್ಯಾರಿಟಿ ತಾಳೆ ನೋಡಬೇಕು. ಸೆಕೆಂಡಿಗೆ 150 ಎಂಬಿ ವೇಗದಲ್ಲಿ 4 ಟಿಬಿ ಡಿಸ್ಕ್‌ಗೆ ಏಳು ಗಂಟೆಯ ಮೇಲೆ ಬೇಕು. 2005ರಲ್ಲಿ ಪಾಲ್ ಕ್ಲೆಮೆಂಟ್ಸ್ ಮತ್ತು ನೀಲ್ ಬ್ರೌನ್ ಅವರ ಕೆಲಸದಿಂದ ‘ರೈಟ್ ಇಂಟೆಂಟ್ ಬಿಟ್‌ಮ್ಯಾಪ್’ ಬಂತು. ಬರೆಯುವ ಮುನ್ನ ಆ ಪ್ರದೇಶಕ್ಕೆ ಒಂದು ಗುರುತು, ಮುಗಿದ ಸ್ವಲ್ಪ ಹೊತ್ತಿನ ಮೇಲೆ ಗುರುತು ಅಳಿಸುವುದು. ಕರೆಂಟು ಬಂದಾಗ ಗುರುತಿದ್ದಲ್ಲಿ ಮಾತ್ರ ತಾಳೆ ನೋಡಿದರಾಯಿತು; ಗಂಟೆಗಳ ಕೆಲಸ ನಿಮಿಷಕ್ಕೆ ಇಳಿಯಿತು. ಆದರೂ ಬಿಟ್‌ಮ್ಯಾಪ್ ಇದ್ದರೆ ರೈಟ್ ಹೋಲ್ ಮುಚ್ಚಿತು ಎಂದು ಭಾವಿಸುವವರು ಇದ್ದಾರೆ. ಅದು ತಪ್ಪು. ಎಲ್ಲಿ ಅನುಮಾನ ಎಂದು ಅದು ತೋರಿಸುತ್ತದೆ. ಕಳೆದುಹೋದ 3ನ್ನು ಮರಳಿಸಲಾರದು. ಬಿಟ್‌ಮ್ಯಾಪ್ ಬರುವ ಹಿಂದಿನ ವರ್ಷ, 2004ರಲ್ಲಿ, ಎಚ್. ಪೀಟರ್ ಆನ್ವಿನ್ ಅವರ ರೇಡ್ 6 ಕರ್ನೆಲ್‌ಗೆ ಸೇರಿ ಎರಡು ಡಿಸ್ಕ್ ಕಳೆದುಕೊಂಡರೂ ಬದುಕುವ ದಾರಿ ಆಗಿತ್ತು.

ರೈಟ್ ಹೋಲ್ ಎಂಬ ಈ ಕಿಂಡಿಯನ್ನು ಬೇರಿನಿಂದಲೇ ತಪ್ಪಿಸಿದ್ದು ಸನ್ ಮೈಕ್ರೊಸಿಸ್ಟಮ್ಸ್‌ನ ಜೆಫ್ ಬಾನ್ವಿಕ್ ಮತ್ತು ಸಂಗಡಿಗರ ಝಡ್‌ಎಫ್‌ಎಸ್ ಎಂಬ ಕಡತವ್ಯವಸ್ಥೆ. 2005ರಲ್ಲಿ ಅದರ ಮೂಲಸಂಕೇತ ಓಪನ್ ಸೊಲಾರಿಸ್ ಮೂಲಕ ಹೊರಬಂತು. ಅಲ್ಲಿ ಹಳೆಯದರ ಮೇಲೆ ಬರೆಯುವ ಪದ್ಧತಿಯೇ ಇಲ್ಲ. ಹೊಸದನ್ನು ಹೊಸ ಜಾಗದಲ್ಲಿ ಪೂರ್ತಿ ಬರೆದು ಕೊನೆಗೆ ವಿಳಾಸ ಬದಲಾಯಿಸುತ್ತದೆ. ನಡುವೆ ಕರೆಂಟು ಹೋದರೆ ಹಳೆಯ ವಿಳಾಸ, ಹಳೆಯ ದತ್ತಾಂಶ ಎರಡೂ ಹಾಗೇ ಇರುತ್ತವೆ. ಲಿನಕ್ಸ್‌ನ ಬಿಟಿಆರ್‌ಎಫ್‌ಎಸ್ ಕಡತವ್ಯವಸ್ಥೆ ಅದೇ ದಾರಿಯಲ್ಲಿ ಹೊರಟರೂ ಅದರ ರೇಡ್ 5 ಮತ್ತು 6ನ್ನು ಮುಖ್ಯ ಕೆಲಸಕ್ಕೆ ಬಳಸಬೇಡಿ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಎಂಡಿಗೆ ಉತ್ತರ ಸಿಕ್ಕಿದ್ದು ತಡವಾಗಿ. 2016ರ ಆರಂಭದಲ್ಲಿ ಬಂದ 4.4 ಕರ್ನೆಲ್‌ನಲ್ಲಿ ಶಾವೊಹುವಾ ಲಿ ಮತ್ತು ಜೊತೆಗಾರರ ಜರ್ನಲ್ ಸೇರಿತು: ಪ್ರತಿ ಬರಹವೂ ಮೊದಲು ಬೇರೊಂದು ಎಸ್‌ಎಸ್‌ಡಿಗೆ, ಆಮೇಲೆ ಅರೇಗೆ. 2017ರ 4.12ರಲ್ಲಿ ಇಂಟೆಲ್‌ನ ಆರ್ತುರ್ ಪಾಶ್ಕೆವಿಚ್ ಅವರ ‘ಪಾರ್ಶಲ್ ಪ್ಯಾರಿಟಿ ಲಾಗ್’ ಬಂತು. ಇದಕ್ಕೆ ಬೇರೆ ಡಿಸ್ಕ್ ಬೇಡ, ಆದರೆ ಬರೆಯುವ ವೇಗ ಶೇ. 30ರಿಂದ 40ರಷ್ಟು ಇಳಿಯಬಹುದೆಂದು ಕರ್ನೆಲ್ ಕೈಪಿಡಿ ಎಚ್ಚರಿಸುತ್ತದೆ. ಮೇಲಿನ ನಮ್ಮ ಲೆಕ್ಕದ 3ನ್ನು ಉಳಿಸುವ ಉಪಾಯ ಇದು.

ಉಪಕರಣಗಳು ಇಷ್ಟು ಬೆಳೆದ ಮೇಲೂ ದತ್ತಾಂಶ ಕಳೆದುಹೋಗುವುದು ನಿಂತಿಲ್ಲ. ಕಾರಣ ಹಳೆಯ ‘ಸೃಷ್ಟಿಸು’ ಆಜ್ಞೆ ಇನ್ನೂ ಕೈಗೆ ಸಿಗುವಂತೆ ಇರುವುದು. ಅರೇ ಏಳದಿದ್ದಾಗ ಯಾರೋ ಹೇಳಿದರೆಂದು ‘ಕ್ರಿಯೇಟ್’ ಒತ್ತಿಬಿಡುತ್ತಾರೆ. ಅದು ಹಳೆಯ ಸೂಪರ್‌ಬ್ಲಾಕ್‌ಗಳ ಮೇಲೆ ಹೊಸದನ್ನು ಬರೆದು, ಸುಮ್ಮನಿದ್ದ ಡಿಸ್ಕ್‌ಗಳ ಮೇಲೆ ಹೊಸ ಪ್ಯಾರಿಟಿ ಲೆಕ್ಕ ಶುರು ಮಾಡುತ್ತದೆ. ಇದರಲ್ಲೊಂದು ಅಡಗಿದ ಅಪಾಯವೂ ಇದೆ. ಎಂಡಿಆಡ್ಮ್‌ನ ಹಳೆಯ ಆವೃತ್ತಿಗಳಲ್ಲಿ ತುಂಡಿನ ಗಾತ್ರ ತಾನಾಗಿ 64 ಕೆಬಿ, ಆಮೇಲಿನವುಗಳಲ್ಲಿ 512 ಕೆಬಿ. ಸೂಪರ್‌ಬ್ಲಾಕ್ ಹಳೆಯ 0.90 ಮಾದರಿಯಲ್ಲಿ ಡಿಸ್ಕ್‌ನ ಕೊನೆಗೆ, ಈಗಿನ 1.2ರಲ್ಲಿ ಆರಂಭದಿಂದ 4 ಕೆಬಿ ಬಿಟ್ಟು. ದತ್ತಾಂಶ ಶುರುವಾಗುವ ಜಾಗವೂ ಆವೃತ್ತಿಯಿಂದ ಆವೃತ್ತಿಗೆ ಬೇರೆ. ಹತ್ತು ವರ್ಷದ ಹಿಂದೆ ಕಟ್ಟಿದ ಅರೇಯನ್ನು ಇಂದಿನ ಉಪಕರಣದಿಂದ ಅದೇ ಆಜ್ಞೆ ಕೊಟ್ಟು ಸೃಷ್ಟಿಸಿದರೂ ಅದು ಅದೇ ಅರೇ ಆಗುವುದಿಲ್ಲ.

ಪಳಗಿದ ಕೈಗಳು ಇಂದು ಮಾಡುವ ರೀತಿ ಬೇರೆ. ಓದಲು ತಿಣುಕುವ ಡಿಸ್ಕ್ ಇದ್ದರೆ ಮೊದಲು ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಅದರ ಪಡಿಯಚ್ಚು ತೆಗೆಯುತ್ತಾರೆ. ಆಮೇಲೆ ಪ್ರತಿ ಡಿಸ್ಕ್ ಮೇಲೂ ‘ಓವರ್‌ಲೇ’ ಹಾಸುತ್ತಾರೆ: ಓದುವುದೆಲ್ಲ ನಿಜವಾದ ಡಿಸ್ಕ್‌ನಿಂದ, ಬರೆಯುವುದೆಲ್ಲ ಬೇರೊಂದು ಕಡತಕ್ಕೆ. ಚಿತ್ರದ ಮೇಲೆ ಪಾರದರ್ಶಕ ಹಾಳೆ ಇಟ್ಟು ಗೀಚಿದ ಹಾಗೆ. ಫೋರ್ಸ್ ಮಾಡಿ ನೋಡಬಹುದು, ಡಿಸ್ಕ್‌ಗಳ ಕ್ರಮ ಮರೆತಿದ್ದರೆ ಒಂದೊಂದೇ ಕ್ರಮ ಪ್ರಯತ್ನಿಸಬಹುದು. ನಾಲ್ಕು ಡಿಸ್ಕ್‌ಗೆ 24 ಕ್ರಮ. ತಪ್ಪಿದರೆ ಹಾಳೆ ತೆಗೆದೆಸೆದು ಹೊಸದು ಹಾಸಿದರಾಯಿತು. ಕಡತವ್ಯವಸ್ಥೆಯ ತಪಾಸಣೆಯನ್ನೂ ಮೊದಲು ತಿದ್ದುಪಡಿ ಇಲ್ಲದೆ, ಬರೀ ನೋಡುವ ರೀತಿಯಲ್ಲೇ ನಡೆಸುತ್ತಾರೆ. ಎಲ್ಲ ಸರಿ ಕಂಡ ಮೇಲಷ್ಟೇ ನಿಜವಾದ ಡಿಸ್ಕ್‌ಗಳಿಗೆ ಕೈ ಹಾಕುವುದು.

ನಿಮ್ಮಲ್ಲಿ ಈಗ ಓಡುತ್ತಿರುವ ಅರೇ ಇದ್ದರೆ ಒಂದು ಬಿನ್ನಹ. ಇಂದೇ ಪ್ರತಿ ಡಿಸ್ಕ್‌ನ ‘ಎಕ್ಸಾಮಿನ್’ ವಿವರ ತೆಗೆದು ಕಾಗದದಲ್ಲಿ ಮುದ್ರಿಸಿ, ಡಿಸ್ಕ್‌ಗಳ ಸೀರಿಯಲ್ ಸಂಖ್ಯೆಯನ್ನು ಪಕ್ಕದಲ್ಲಿ ಬರೆದು, ಯುಪಿಎಸ್ ಬ್ಯಾಟರಿ ಬದಲಿಸಿದ ದಿನಾಂಕದ ಜೊತೆ ಸರ್ವರ್ ಇರುವ ಕಪಾಟಿನ ಬಾಗಿಲಿಗೆ ಅಂಟಿಸಿಡಿ. ಮುಖ್ಯ ಕಡತಗಳ ಇನ್ನೊಂದು ಪ್ರತಿ ಆ ಕಟ್ಟಡದ ಹೊರಗೆ ಇರಲಿ.