ಗ್ರಂಥಸಂಗ್ರಹ, ವಾಚನ, ಚಿಂತನ: ಠಾಣೆ–ಕಲ್ಯಾಣ ಪರಿಸರದ ಒಂದು ಚಾರಿತ್ರಿಕ ಅವಲೋಕನ

ಠಾಣೆ ನಗರದ ಪಶ್ಚಿಮಕ್ಕೆ ಯೇವೂರಿನ ಗುಡ್ಡಗಳಿವೆ. ಆ ಗುಡ್ಡಗಳನ್ನು ಆವರಿಸಿದ ಅರಣ್ಯದ ಮತ್ತೊಂದು ಪಾರ್ಶ್ವದಲ್ಲಿ, ಬೋರಿವಲಿಯ ಕಡೆಗೆ, ಕಾನ್ಹೇರಿಯ ಗುಹೆಗಳಿವೆ. ಪ್ರಾಚೀನರು ಆ ಗಿರಿಯನ್ನು ಕೃಷ್ಣಗಿರಿ ಎಂದು ಕರೆದರು. ಅಲ್ಲಿನ ಬೌದ್ಧ ವಿಹಾರದಲ್ಲಿ ಶಕವರ್ಷ 765ರ, ಅಂದರೆ ಸುಮಾರು ಕ್ರಿ.ಶ. 843ರ, ಒಂದು ದಾನಶಾಸನವಿದೆ. ಆಗ ಉತ್ತರ ಕೊಂಕಣವನ್ನು ಆಳುತ್ತಿದ್ದವನು ಶಿಲಾಹಾರ ವಂಶದ ಪುಲ್ಲಶಕ್ತಿ. ಅವನ ಸಾರ್ವಭೌಮನಾದರೋ ಮಾನ್ಯಖೇಟದ ಅಮೋಘವರ್ಷ ನೃಪತುಂಗ. ಶಿಲಾಹಾರರ ಅಮಾತ್ಯನೊಬ್ಬನು ವಿಹಾರಕ್ಕೆ ದ್ರಮ್ಮಗಳನ್ನು ದತ್ತಿಯಾಗಿ ಬಿಟ್ಟು, ಪೂಜೆಗೆ, ಜೀರ್ಣೋದ್ಧಾರಕ್ಕೆ, ಭಿಕ್ಷುಗಳ ವಸ್ತ್ರಕ್ಕೆ ಪಾಲು ನಿಗದಿ ಮಾಡಿದನು. ಅದರೊಂದಿಗೆ ಗ್ರಂಥಗಳಿಗಾಗಿಯೂ ಒಂದು ಪಾಲನ್ನು ತೆಗೆದಿರಿಸಿದನು. ದೇವರ ಪೂಜೆ, ಮನೆಯ ದುರಸ್ತಿ, ಮೈಗೆ ಬಟ್ಟೆ ಇವುಗಳ ಸಾಲಿನಲ್ಲಿಯೇ ಪುಸ್ತಕವೂ ಬದುಕಿನ ಅಗತ್ಯವೆಂದು ಭಾವಿಸಿದ ಸಂಸ್ಕೃತಿ ಇದು. ನಾವು ಇಂದು ವಾಸಿಸುತ್ತಿರುವ ಈ ನೆಲದಲ್ಲಿ, ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ 'ಕವಿರಾಜಮಾರ್ಗ'ಕ್ಕೆ ಆಶ್ರಯವಿತ್ತ ಚಕ್ರವರ್ತಿಯ ಕಾಲದಲ್ಲಿ, ಗ್ರಂಥಸಂಗ್ರಹಕ್ಕೆಂದೇ ಹಣ ಮೀಸಲಾಗಿತ್ತೆಂಬುದು ಹೊರನಾಡಿನ ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಓದುವುದು, ಸಂಗ್ರಹಿಸುವುದು, ಓದಿದ್ದನ್ನು ಕುರಿತು ನಾಲ್ಕು ಜನರೊಡನೆ ಮಾತನಾಡುವುದು, ಈ ಮೂರನ್ನೂ ನಾವು ಬೇರೆ ಬೇರೆ ಹವ್ಯಾಸಗಳೆಂದು ತಿಳಿಯುತ್ತೇವೆ. ಇತಿಹಾಸವನ್ನು ನೋಡಿದರೆ ಇವು ಒಂದೇ ಸೂತ್ರದ ಮೂರು ಎಳೆಗಳು. ಒಂದೆಳೆ ಕಡಿದರೆ ಉಳಿದೆರಡೂ ಶಿಥಿಲವಾಗುತ್ತವೆ. ಅದನ್ನು ಕೆಲವು ಉದಾಹರಣೆಗಳಿಂದ ಸ್ಪಷ್ಟಪಡಿಸುವುದು ಈ ಲೇಖನದ ಉದ್ದೇಶ.

ಓಲೆಯ ಕಾಲ

ಅಚ್ಚುಯಂತ್ರವಿಲ್ಲದ ಕಾಲದಲ್ಲಿ ಪುಸ್ತಕವೆಂದರೆ ಒಬ್ಬನ ಕಣ್ಣು, ಬೆನ್ನು, ಬೆರಳುಗಳ ತಪಸ್ಸು. ಆದುದರಿಂದಲೇ ಲಿಪಿಕಾರರು ಓಲೆಗರಿಯ ಕೊನೆಯಲ್ಲಿ, ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ತನ್ನನ್ನು ಕಾಪಾಡಬೇಕೆಂದು, ಮೂರ್ಖನ ಕೈಗೆ ಕೊಡಬಾರದೆಂದು ಪುಸ್ತಕವೇ ಬೇಡಿಕೊಳ್ಳುವಂತೆ ಬರೆಯುತ್ತಿದ್ದರು. ಪರರ ಕೈಸೇರಿದ ಪುಸ್ತಕ ಹೋದಂತೆಯೇ ಎಂಬ ಮಾತೂ ನಮ್ಮ ಹಿರಿಯರಲ್ಲಿ ರೂಢವಾಗಿತ್ತು. ಆದರೆ ಇದಕ್ಕೆ ಪ್ರತಿಯಾಗಿ ಅತ್ತಿಮಬ್ಬೆಯ ಆದರ್ಶವೂ ಇದೆ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನವಿತ್ತ ಆ ಮಹಾಸಾಧ್ವಿಯನ್ನು ಕನ್ನಡ ನಾಡು ದಾನಚಿಂತಾಮಣಿಯೆಂದು ಸ್ಮರಿಸುತ್ತದೆ. ಪೆಟ್ಟಿಗೆಯಲ್ಲಿ ಭದ್ರವಾಗಿ ಮುಚ್ಚಿಟ್ಟ ಒಂದೇ ಪ್ರತಿಗೆ ಗೆದ್ದಲು ಹಿಡಿದರೆ ಕಾವ್ಯವೇ ಹೋಯಿತು. ಸಾವಿರ ಕೈಗಳಿಗೆ ಹೋದದ್ದು ಹೇಗೂ ಉಳಿಯುತ್ತದೆ ಎಂಬ ವಿವೇಕ ಆ ದಾನದಲ್ಲಿದೆ.

ಶ್ರೀಮದಾಚಾರ್ಯರ ಚರಿತ್ರೆಯಲ್ಲಿಯೂ ಗ್ರಂಥಭಾಂಡಾರಕ್ಕೆ ಒಂದು ಅಧ್ಯಾಯವುಂಟು. ಗ್ರಂಥಗಳಲ್ಲಿ ಕೆಲವೆಡೆ ಹೊಸದನ್ನು ಸೇರಿಸಿದ್ದಾರೆ, ಕೆಲವೆಡೆ ಇದ್ದುದನ್ನು ಬಿಟ್ಟಿದ್ದಾರೆ, ಕೆಲವೆಡೆ ಪಾಠವನ್ನೇ ವ್ಯತ್ಯಾಸಗೊಳಿಸಿದ್ದಾರೆ ಎಂದು 'ಮಹಾಭಾರತ ತಾತ್ಪರ್ಯ ನಿರ್ಣಯ'ದ ಎರಡನೆಯ ಅಧ್ಯಾಯದಲ್ಲಿ ಆಚಾರ್ಯರು ಹೇಳುತ್ತಾರೆ. ದೇಶದೇಶಗಳ ಪ್ರತಿಗಳನ್ನು ನೋಡಿ ನಿರ್ಣಯಿಸಿದ್ದನ್ನೂ ತಿಳಿಸುತ್ತಾರೆ. ಇಂದಿನ ಸಂಶೋಧಕರು ಗ್ರಂಥಸಂಪಾದನೆ ಎಂದು ಕರೆಯುವ ಶಾಸ್ತ್ರದ ಮೂಲತತ್ತ್ವ ಇದುವೇ. ನಾರಾಯಣ ಪಂಡಿತಾಚಾರ್ಯರ 'ಸುಮಧ್ವವಿಜಯ'ವು ಪ್ರತಿವಾದಿಗಳು ಆಚಾರ್ಯರ ಗ್ರಂಥಗಳನ್ನು ಅಪಹರಿಸಿದ ಪ್ರಸಂಗವನ್ನು ವರ್ಣಿಸುತ್ತದೆ. ಕುಂಬಳೆ ಸೀಮೆಯ ಅರಸ ಜಯಸಿಂಹನ ಮಧ್ಯಸ್ಥಿಕೆಯಿಂದ ಅವು ಮರಳಿ ದೊರೆತವು. ಆ ಪ್ರದೇಶವು ಈಗ ಕಾಸರಗೋಡು ಜಿಲ್ಲೆಯಲ್ಲಿದೆ. ವಾದದಲ್ಲಿ ಸೋತವರು ಗ್ರಂಥಗಳ ಮೇಲೆಯೇ ಕೈಮಾಡಿದರೆಂದರೆ ಗ್ರಂಥಗಳಿಗೆ ಆಗ ಎಷ್ಟು ಬೆಲೆಯಿತ್ತೆಂಬುದನ್ನು ಊಹಿಸಬಹುದು.

ಇದೇ ಸಂದರ್ಭದಲ್ಲಿ ತ್ರಿವಿಕ್ರಮ ಪಂಡಿತರು ಆಚಾರ್ಯರ ಎದುರು ನಿಂತು ಹಲವು ದಿನ ವಾದ ಮಾಡಿದರು. ಕೊನೆಗೆ ಶಿಷ್ಯತ್ವವನ್ನು ಸ್ವೀಕರಿಸಿ, ಬ್ರಹ್ಮಸೂತ್ರಭಾಷ್ಯಕ್ಕೆ 'ತತ್ತ್ವಪ್ರದೀಪ'ವೆಂಬ ವ್ಯಾಖ್ಯಾನವನ್ನು ರಚಿಸಿದರು. 'ಸುಮಧ್ವವಿಜಯ'ವನ್ನು ಬರೆದ ನಾರಾಯಣ ಪಂಡಿತಾಚಾರ್ಯರು ಇವರ ಪುತ್ರರೇ. ಭಾಂಡಾರದಿಂದ ಓದು, ಓದಿನಿಂದ ವಾದ, ವಾದದಿಂದ ಹೊಸ ಗ್ರಂಥ: ಈ ಕ್ರಮವನ್ನು ಓದುಗರು ಗಮನಿಸಬೇಕು.

ಅಚ್ಚು ಮತ್ತು ಉಗಿಬಂಡಿ

ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯು ಸಂಸ್ಕೃತ ಗ್ರಂಥಗಳ ಮುದ್ರಣಕ್ಕೆ ಅಖಿಲ ಭಾರತ ಖ್ಯಾತಿಯನ್ನು ಪಡೆಯಿತು. ಜಾವಜಿ ದಾದಾಜಿ ಅವರ ನಿರ್ಣಯಸಾಗರ ಮುದ್ರಣಾಲಯದ ಅಂದವಾದ ದೇವನಾಗರಿ ಅಕ್ಷರಗಳು ದೂರದೂರದ ವಿದ್ವಾಂಸರನ್ನು ಸೆಳೆದವು. ತಮಿಳುನಾಡಿನ ಕುಂಭಕೋಣದ ಟಿ.ಆರ್. ಕೃಷ್ಣಾಚಾರ್ಯರು ಮಾಧ್ವಗ್ರಂಥಗಳನ್ನೂ, 'ಕುಂಭಕೋಣ ಪಾಠ'ವೆಂದು ಪ್ರಸಿದ್ಧವಾದ ಮಹಾಭಾರತವನ್ನೂ ಅಚ್ಚು ಮಾಡಿಸಿದ್ದು ಮುಂಬಯಿಯ ಇದೇ ಮುದ್ರಣಾಲಯದಲ್ಲಿ. ಕಾವೇರಿ ತೀರದ ಪಂಡಿತರ ಪರಿಶ್ರಮ ಅರಬ್ಬೀ ಸಮುದ್ರದ ದಡದಲ್ಲಿ ಪುಸ್ತಕರೂಪ ತಾಳಿ ಮತ್ತೆ ದೇಶದ ಮನೆಮನೆಗೆ ಹೋಯಿತು.

ಪುಸ್ತಕವನ್ನು ಮನೆಮನೆಗೆ ಒಯ್ಯುವುದು ಕನ್ನಡದಲ್ಲಿ ಸುಲಭವಾಗಿರಲಿಲ್ಲ. ಹಾವೇರಿ ಸೀಮೆಯ ಗಳಗನಾಥರು (1869–1942) ಕಾದಂಬರಿಗಳನ್ನು ಬರೆದದ್ದಷ್ಟೇ ಅಲ್ಲ, ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಈ ಎರಡು ಭಾಷೆಗಳ ನಡುವೆ ಸೇತುವೆ ಕಟ್ಟಿದವರಲ್ಲಿ ಅವರು ಪ್ರಮುಖರು. ಮುಂದೆ 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಮಾಲೆಯ ಕಚೇರಿಯಾಗಿದ್ದ 'ಅಟ್ಟ' ಕೇವಲ ಪುಸ್ತಕಗಳ ದಾಸ್ತಾನಾಗಿರದೆ ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರಂಥವರು ಸೇರಿ ಚರ್ಚಿಸುವ ವಿದ್ವದ್ಗೋಷ್ಠಿಯ ಸ್ಥಳವೂ ಆಯಿತು. ಹೊಸಗನ್ನಡದ ಹಲವು ಮುಖ್ಯ ಕೃತಿಗಳ ಹಿಂದೆ ಆ ಅಟ್ಟದ ಮಾತುಕತೆಯಿದೆ.

ಇನ್ನು ನಮ್ಮ ಪರಿಸರ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿತು. ಮರುವರ್ಷವೇ ಹಳಿಗಳು ಕಲ್ಯಾಣವನ್ನು ಮುಟ್ಟಿದವು. ಅದಾಗಿ ಹತ್ತೇ ವರ್ಷಗಳಲ್ಲಿ, 1864ರಲ್ಲಿ, ಕಲ್ಯಾಣದಲ್ಲಿ ಸಾರ್ವಜನಿಕ ವಾಚನಾಲಯವು ಸ್ಥಾಪನೆಗೊಂಡಿತು. ಅರಮನೆ, ಮಠ, ಮನೆತನಗಳ ಸ್ವತ್ತಾಗಿದ್ದ ಪುಸ್ತಕ ಊರಿನ ಸ್ವತ್ತಾಯಿತು.

ಠಾಣೆಯಲ್ಲಿ 1893ರಲ್ಲಿ ಮರಾಠಿ ಗ್ರಂಥ ಸಂಗ್ರಹಾಲಯವು ತಲೆಯೆತ್ತಿತು. ಮುಂಬಯಿಯ ಇದೇ ಹೆಸರಿನ ಸಂಸ್ಥೆಗಿಂತ ಇದು ಐದು ವರ್ಷ ಹಿರಿದು. ಇದರ ಸ್ಥಾಪಕರಲ್ಲಿ ಒಬ್ಬರಾದ ವಿನಾಯಕ ಲಕ್ಷ್ಮಣ ಭಾವೆ (1871–1926) ಅವರಿಗೆ ಆಗ ಇಪ್ಪತ್ತೆರಡರ ಹರೆಯ. ಹಳೆಯ ಹಸ್ತಪ್ರತಿಗಳನ್ನು ಅರಸಿ ಸಂಗ್ರಹಿಸಿದ ಅವರು ಮುಂದೆ ಮರಾಠಿ ಸಾಹಿತ್ಯದ ಇತಿಹಾಸವಾದ 'ಮಹಾರಾಷ್ಟ್ರ ಸಾರಸ್ವತ'ವನ್ನು ರಚಿಸಿದರು. ಅತ್ತ ಮೈಸೂರಿನಲ್ಲಿ ಆರ್. ನರಸಿಂಹಾಚಾರ್ಯರು ಓಲೆಗರಿಗಳನ್ನೂ ಶಾಸನಗಳನ್ನೂ ಶೋಧಿಸಿ 'ಕರ್ನಾಟಕ ಕವಿಚರಿತೆ'ಯ ಮೊದಲ ಸಂಪುಟವನ್ನು 1907ರಲ್ಲಿ ಹೊರತಂದರು. ಸಂಗ್ರಹವಿಲ್ಲದೆ ಸಾಹಿತ್ಯಚರಿತ್ರೆಯಿಲ್ಲ ಎಂಬುದಕ್ಕೆ ಈ ಎರಡು ನಿದರ್ಶನಗಳು ಸಾಕು. ಮಾಧ್ವ ವಾಙ್ಮಯಕ್ಕೆ ಅಂಥ ಸಮಗ್ರ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಡಾ. ಬಿ.ಎನ್.ಕೆ. ಶರ್ಮರು (1909–2005) ಮುಂಬಯಿಯ ರುಪಾರೆಲ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದವರೆಂಬುದು ಇಲ್ಲಿ ಸ್ಮರಣೀಯ.

ಕನ್ನಡಿಗರ ಕಪಾಟು

ಉದ್ಯೋಗವನ್ನು ಅರಸಿ ಕರಾವಳಿಯಿಂದಲೂ ಧಾರವಾಡ, ವಿಜಾಪುರ ಸೀಮೆಗಳಿಂದಲೂ ಬಂದ ಕನ್ನಡಿಗರು ಮೊದಲು ಕೋಟೆ, ಮಾಟುಂಗಗಳಲ್ಲಿ ನೆಲೆಸಿದರು. ಬಾಡಿಗೆ ಏರಿದಂತೆ ಸೆಂಟ್ರಲ್ ರೈಲ್ವೆಯ ಹಳಿಗುಂಟ ಠಾಣೆ, ಡೊಂಬಿವಲಿ, ಕಲ್ಯಾಣಗಳತ್ತ ಸರಿದರು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ನವಿ ಮುಂಬಯಿ ರೂಪುಗೊಂಡಿತು. 1992ರಲ್ಲಿ ವಾಶಿಗೆ ರೈಲು ಬಂದ ಮೇಲೆ ಅಲ್ಲಿಯೂ ಕನ್ನಡದ ಮನೆಗಳು ಹೆಚ್ಚಿದವು. ಊರಿನಿಂದ ಬರುವಾಗ ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಹರಿದಾಸರ ಕೀರ್ತನೆಗಳ ಪುಸ್ತಕ, ಪಂಚಾಂಗ, ಒಂದೆರಡು ಕಾದಂಬರಿಗಳು ಬಂದವು. ಒಂದು ಕೋಣೆಯ ಮನೆಯಲ್ಲಿ ಅನ್ನದ ಡಬ್ಬಿಗೇ ಜಾಗವಿಲ್ಲದಿದ್ದರೂ ಮಂಚದ ಕೆಳಗೆ ಪುಸ್ತಕಕ್ಕೆ ಜಾಗ ದೊರೆಯಿತು. ಬೆಳಗಿನ ಲೋಕಲ್ ರೈಲಿನಲ್ಲಿ ಓದಿ, ಸಂಜೆಯ ರೈಲಿನಲ್ಲಿ ಗೆಳೆಯನಿಗೆ ದಾಟಿಸಿ, ಭಾನುವಾರ ಸಂಘದಲ್ಲಿಯೋ ಭಜನೆಯ ಬಳಿಕವೋ ಅದನ್ನೇ ಚರ್ಚಿಸಿದ ತಲೆಮಾರು ಅದು. ಓದು ಅವರಿಗೆ ತವರಿನೊಡನೆ ಸಂಬಂಧವನ್ನು ಉಳಿಸಿಕೊಟ್ಟಿತು.

ಈಗ ಆ ತಲೆಮಾರಿಗೆ ವಯಸ್ಸಾಗಿದೆ, ಹಲವರು ನಮ್ಮೊಡನಿಲ್ಲ. ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ. ಆದರೆ ಶಾಲೆಯಲ್ಲಿ ಇಂಗ್ಲಿಷ್, ಮರಾಠಿ ಕಲಿತವರಲ್ಲಿ ಅನೇಕರಿಗೆ ಕನ್ನಡ ಲಿಪಿ ಬಾರದು. ಮನೆ ಬದಲಿಸುವಾಗ, ಹಳೆಯ ಕಟ್ಟಡ ಕೆಡವಿ ಹೊಸದು ಏಳುವಾಗ, ಮೊದಲು ರದ್ದಿಯವನ ತಕ್ಕಡಿಗೆ ಏರುವುದು ಅಜ್ಜನ ಕಪಾಟು. ಕುಂಬಳೆಯ ಕಾಲದಲ್ಲಿ ಗ್ರಂಥಗಳನ್ನು ಕದಿಯುವವರಾದರೂ ಇದ್ದರು. ಈಗ ಬಿಟ್ಟಿಯಾಗಿ ಕೊಟ್ಟರೂ ಒಯ್ಯುವವರಿಲ್ಲವೆಂಬ ಸ್ಥಿತಿ ಬಂದರೆ ಅದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ.

ದಾರಿಗಳು ಇಲ್ಲದಿಲ್ಲ. ಮಂಜೇಶ್ವರದ ಗೋವಿಂದ ಪೈಗಳು (1883–1963) ಬಹುಭಾಷಾವಿದರು, ಮಹಾ ಗ್ರಂಥಸಂಗ್ರಾಹಕರು. 1951ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅವರ ಗ್ರಂಥಗಳು ಚೆದುರಿಹೋಗದೆ ಉಡುಪಿಯ ಎಂ.ಜಿ.ಎಂ. ಕಾಲೇಜನ್ನು ಸೇರಿದವು, ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವೂ ಬೆಳೆಯಿತು. ಒಬ್ಬರ ಸಂಗ್ರಹ ಸಂಸ್ಥೆಯ ಮಡಿಲಿಗೆ ಬಿದ್ದು ಹಲವರ ಓದಾದ ಬಗೆ ಇದು.

ಎರಡನೆಯ ದಾರಿಯನ್ನು ಡೊಂಬಿವಲಿಯೇ ತೋರಿಸಿದೆ. ಇಲ್ಲಿ 1986ರಲ್ಲಿ ಆರಂಭವಾದ ಪೈ ಅವರ ಫ್ರೆಂಡ್ಸ್ ಲೈಬ್ರರಿಯು ಈಚಿನ ವರ್ಷಗಳಲ್ಲಿ ಪುಸ್ತಕಗಳ 'ಆದಾನ–ಪ್ರದಾನ' ಉತ್ಸವಗಳನ್ನು ನಡೆಸಿದೆ. ಓದಿ ಮುಗಿಸಿದ ಪುಸ್ತಕವನ್ನು ತಂದುಕೊಟ್ಟು, ಬದಲಿಗೆ ಬೇರೊಬ್ಬರು ತಂದದ್ದನ್ನು ಒಯ್ಯುವ ಸರಳ ವ್ಯವಸ್ಥೆ ಅದು. 2017ರ ಫೆಬ್ರುವರಿಯಲ್ಲಿ ಡೊಂಬಿವಲಿಯಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ 90ನೆಯ ಅಧಿವೇಶನ ಜರುಗಿತು. ಪುಸ್ತಕಗಳನ್ನು ಪಲ್ಲಕ್ಕಿಯಲ್ಲಿರಿಸಿ ಮೆರವಣಿಗೆ ಮಾಡುವ 'ಗ್ರಂಥದಿಂಡಿ' ಆ ಸಮ್ಮೇಳನಗಳ ಸಂಪ್ರದಾಯ. ಪಲ್ಲಕ್ಕಿಯಿಂದ ಇಳಿದ ಗ್ರಂಥ ಯಾರದಾದರೂ ಕೈಸೇರಿ ತೆರೆದುಕೊಂಡಾಗಲೇ ಆ ಗೌರವ ಪೂರ್ಣವಾಗುವುದೆಂದು ಬೇರೆ ಹೇಳಬೇಕಿಲ್ಲ.

ಗ್ರಂಥಾಲಯ ಶಾಸ್ತ್ರದ ಪಿತಾಮಹರೂ ಜೀವನದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರೂ ಆದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರತಿಪಾದಿಸಿದ ಐದು ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯ, ಪುಸ್ತಕವಿರುವುದು ಉಪಯೋಗಕ್ಕೆ ಎಂಬುದು. ಮೂರನೆಯದರ ತಾತ್ಪರ್ಯ, ಪ್ರತಿ ಪುಸ್ತಕಕ್ಕೂ ಅದರ ಓದುಗನೊಬ್ಬನು ದೊರೆಯಬೇಕು ಎಂಬುದು. ಈ ಎರಡನ್ನೂ ನಮ್ಮ ಮನೆಗಳಿಗೆ ಅನ್ವಯಿಸಿಕೊಳ್ಳುವುದು ಕಷ್ಟವೇನಲ್ಲ. ಮನೆಯ ಪುಸ್ತಕಗಳ ಪಟ್ಟಿಯೊಂದನ್ನು ಹಿರಿಯರು ಇದ್ದಾಗಲೇ ಬರೆದಿಡಬಹುದು. ತಮ್ಮ ಬಳಿಕ ಅವು ಯಾವ ಸಂಘಕ್ಕೆ, ಯಾವ ವಾಚನಾಲಯಕ್ಕೆ ಹೋಗಬೇಕೆಂದು ಮಕ್ಕಳಿಗೆ ಈಗಲೇ ತಿಳಿಸಬಹುದು. ಲಿಪಿ ತಿಳಿಯದ ಮೊಮ್ಮಕ್ಕಳಿಗೆ ವಾರಕ್ಕೊಮ್ಮೆಯಾದರೂ ಗಟ್ಟಿಯಾಗಿ ಓದಿ ಹೇಳಬಹುದು. ಓದು ಬಾರದವರೂ ಕಾವ್ಯವನ್ನು ಬಲ್ಲರೆಂದು ಕನ್ನಡಿಗರನ್ನು ಹೊಗಳಿದ 'ಕವಿರಾಜಮಾರ್ಗ'ದ ಮಾತು ಅವರ ಪಾಲಿಗೂ ನಿಜವಾಗಲಿ. ಕಥೆ ರುಚಿಸಿದ ಮೇಲೆ ಅಕ್ಷರ ಕಲಿಯುವ ಆಸೆ ತಾನಾಗಿ ಹುಟ್ಟುವುದುಂಟು.

ಒಬ್ಬಂಟಿಯಾಗಿ ಓದುವ ಸುಖ ದೊಡ್ಡದು. ಓದಿದ್ದನ್ನು ಹಂಚಿಕೊಳ್ಳುವ ಸುಖ ಇನ್ನೂ ದೊಡ್ಡದು. ಕೃಷ್ಣಗಿರಿಯ ದಾನಿ ಗ್ರಂಥಕ್ಕೆಂದು ಬಿಟ್ಟ ದ್ರಮ್ಮ ಅಂದೇ ವೆಚ್ಚವಾಗಿ ಹೋಯಿತು. ಅದು ತೋರಿದ ಆದ್ಯತೆ ಮಾತ್ರ ಕಲ್ಲಿನಲ್ಲಿ ಉಳಿದಿದೆ. ನಮ್ಮ ಕಾಲದ ಕಪಾಟುಗಳೂ ತೆರೆದಿರಲಿ, ಪುಸ್ತಕಗಳು ಕೈಯಿಂದ ಕೈಗೆ ಸಾಗಲಿ, ಅವುಗಳ ಸುತ್ತ ಸಜ್ಜನರ ಮಾತು ನಿಲ್ಲದಿರಲಿ ಎಂಬುದೇ ಪ್ರಾರ್ಥನೆ.