ಹಿತ್ತಿಲ ಕೋಳಿಯ ಕಾವು

ತನ್ನ ಹುಂಜವು ಕೂಗದಿದ್ದರೆ ಊರಿಗೆ ಬೆಳಗಾಗದೆಂದು ನಂಬಿ, ಮುನಿದು, ಅದನ್ನು ಕಂಕುಳಲ್ಲಿಟ್ಟುಕೊಂಡು ಊರು ಬಿಟ್ಟು ಹೋದ ಮುದುಕಿಯ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಆಕೆಯ ಜಂಬಕ್ಕೆ ನಗದವರೂ ವಿರಳವೇ. ಆದರೆ ಹುಂಜವಿದ್ದ ಆ ಹಿತ್ತಿಲಲ್ಲಿ ಹೇಂಟೆಯೂ ಇದ್ದಿರಬೇಕಷ್ಟೆ. ಅದರ ವಿಚಾರವಾಗಿ ಕಥೆಯು ಒಂದು ಮಾತನ್ನೂ ಆಡುವುದಿಲ್ಲ. ಇತಿಹಾಸವೂ ಬಹುಮಟ್ಟಿಗೆ ಹಾಗೆಯೇ ನಡೆದುಕೊಂಡಿದೆ. ಹುಂಜವು ಕುಮಾರಸ್ವಾಮಿಯ ಧ್ವಜದಲ್ಲಿದೆ, ತುಳುನಾಡಿನ ಕೋಳಿಅಂಕದಲ್ಲಿದೆ, ಗ್ರಾಮದೇವತೆಯ ಬಲಿಯಲ್ಲಿದೆ. ಮಂಕರಿಯ ಕೆಳಗೆ ಇಪ್ಪತ್ತೊಂದು ದಿನ ಮೊಟ್ಟೆಗಳ ಮೇಲೆ ಕುಳಿತು ಕೋಳಿಯ ಕುಲವನ್ನೇ ಕಾಪಾಡಿಕೊಂಡು ಬಂದ ಹೇಂಟೆಗೆ ಮಾತ್ರ ಎಲ್ಲಿಯೂ ಸ್ಥಾನವಿಲ್ಲ. ಆ ಕಾವನ್ನು ಮನುಷ್ಯನು ಹೇಂಟೆಯಿಂದ ಹೇಗೆ ತೆಗೆದುಕೊಂಡನು, ಅದರಿಂದ ಹಿತ್ತಿಲ ಒಡತಿಯ ಕೈಯಿಂದ ಏನು ಜಾರಿತು ಎಂಬುದು ಪರಿಶೀಲನೆಗೆ ಯೋಗ್ಯವಾದ ವಿಷಯ.

ಸಾಕುಕೋಳಿಯ ಮೂಲಪುರುಷನು ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. ಥೈಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ದೊರೆತ ಎಲುಬುಗಳು ಕ್ರಿ. ಪೂ. 1650ರಿಂದ 1250ರ ನಡುವಿನವೆಂದೂ, ಖಚಿತವಾಗಿ ಸಾಕುಕೋಳಿಯವೆನ್ನಬಹುದಾದವುಗಳಲ್ಲಿ ಇವೇ ಅತಿ ಪ್ರಾಚೀನವೆಂದೂ ವಿದ್ವಾಂಸರು 2022ರಲ್ಲಿ ನಿರ್ಣಯಿಸಿದರು. ಭತ್ತ ಮತ್ತು ಕಿರುಧಾನ್ಯಗಳ ಬೇಸಾಯವು ಹರಡಿದಂತೆ, ಚೆಲ್ಲಿದ ಕಾಳಿನ ಆಸೆಗೆ ಕಾಡುಕೋಳಿಯು ತಾನಾಗಿಯೇ ಮನುಷ್ಯನ ಬಳಿಗೆ ಬಂದಿರಬೇಕೆಂಬುದು ಅವರ ಅಭಿಪ್ರಾಯ. ಈ ವಂಶದಲ್ಲಿ ಕನ್ನಡನಾಡಿನ ಪಾಲೂ ಉಂಟು. ಅನೇಕ ಸಾಕುಕೋಳಿಗಳ ಚರ್ಮದ ಹಳದಿ ಬಣ್ಣವು ಬೂದು ಕಾಡುಕೋಳಿಯಿಂದ ಬಂದುದೆಂದು 2008ರಲ್ಲಿ ಸಿದ್ಧವಾಯಿತು. ಆ ಕೋಳಿಯು ಇಂದಿಗೂ ಸಹ್ಯಾದ್ರಿಯ ಕಾಡುಗಳಲ್ಲಿ ಕೂಗುತ್ತಿದೆ.

ಭಾರತದ ಪ್ರಾಚೀನ ಲೇಖನಗಳಲ್ಲಿ ಕೋಳಿಯು ಆಗಾಗ ಕಾಣಿಸಿಕೊಳ್ಳುತ್ತದೆ. ಅಶೋಕನು ತನ್ನ ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಹೊರಡಿಸಿದ ಐದನೆಯ ಸ್ತಂಭಶಾಸನದಲ್ಲಿ ಹುಂಜಗಳ ಬೀಜವನ್ನು ಒಡೆಯಕೂಡದೆಂದು ವಿಧಿಸಿದನು. ಮನುಸ್ಮೃತಿಯು ದ್ವಿಜರಿಗೆ ಗ್ರಾಮಕುಕ್ಕುಟವನ್ನು ನಿಷೇಧಿಸಿತು. ಊರಿನ ಕೋಳಿಯೆಂದು ಬೇರೆಯಾಗಿ ಹೆಸರಿಸಬೇಕಾದರೆ, ಆ ವೇಳೆಗೆ ಅದು ಮನೆಮನೆಯ ಹಿಂದೆ ಕೆದಕುತ್ತಿದ್ದಿತೆಂಬುದು ಸ್ಪಷ್ಟ. ಕನ್ನಡದಲ್ಲಿ ಜನ್ನನ ಯಶೋಧರಚರಿತೆಯು, 1209ರ ಕೃತಿಯೆಂದು ಹೇಳಲ್ಪಡುವುದು, ಹಿಟ್ಟಿನ ಕೋಳಿಯೊಂದನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ತೊಳಲಿದುದನ್ನು ಹೇಳುತ್ತದೆ. ಶಾಸನ, ಸ್ಮೃತಿ, ಕಾವ್ಯ ಈ ಮೂರರಲ್ಲಿಯೂ ಕೋಳಿಯನ್ನು ಕೊಲ್ಲುವ, ತಿನ್ನುವ, ಬಿಡುವ ವಿಚಾರವೇ ಮುಖ್ಯವಾಗಿದೆ. ಸಾಕಿದವರ ಮಾತು ಬರವಣಿಗೆಗೆ ಇಳಿಯಲಿಲ್ಲ. ಏಕೆಂದರೆ ಸಾಕಿದವರು ಬಹುತೇಕ ಹೆಂಗಸರು.

ಬರೆಯದಿದ್ದರೂ ಆ ವಿದ್ಯೆಯು ಅಳಿಯಲಿಲ್ಲ. ನಾಟಿ ಹೇಂಟೆಯು ಹನ್ನೆರಡು ಹದಿನೈದು ಮೊಟ್ಟೆಗಳನ್ನಿಟ್ಟು ಕಾವಿಗೆ ಬರುತ್ತದೆ. ಆಗ ಮನೆಯಾಕೆಯು ಹಳೆಯ ಬುಟ್ಟಿಯಲ್ಲಿ ಹುಲ್ಲು ಹಾಸಿ, ಹೇನಿಗೆ ಬೂದಿ ಉದುರಿಸಿ, ಒಳ್ಳೆಯ ಮೊಟ್ಟೆಗಳನ್ನು ಆರಿಸಿ ಅದನ್ನು ಕೂರಿಸುವಳು. ಹೇಂಟೆಯು ದಿನಕ್ಕೊಮ್ಮೆ ಮೇವುನೀರಿಗೆಂದು ಎದ್ದು, ಮೊಟ್ಟೆ ಆರುವುದರೊಳಗೆ ಮರಳುವುದು; ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತ ಎಲ್ಲಕ್ಕೂ ಸಮನಾದ ಶಾಖವನ್ನು ಕೊಡುವುದು. ಮರಿಗಳು ಒಡೆದ ಮೇಲೆ ಅವಕ್ಕೆ ನುಚ್ಚು, ಗೆದ್ದಲು. ಹದ್ದಿನಿಂದ ರಕ್ಷಣೆಗೆ ತಾಯಿಯ ರೆಕ್ಕೆ. ಇದರಲ್ಲಿ ಬಂಡವಾಳವೆಂಬುದಿಲ್ಲ. ಕೋಳಿಯಿಲ್ಲದವಳು ಇದ್ದವಳಿಂದ ಒಂದು ಹೇಂಟೆಯನ್ನು ಪಾಲಿಗೆ ತಂದು, ಮರಿಗಳನ್ನು ಹಂಚಿಕೊಂಡು, ವರ್ಷದೊಳಗೆ ತಾನೂ ಒಡತಿಯಾಗಬಹುದಾಗಿತ್ತು. 1927ರ ಸುಮಾರಿಗೆ ರಾಣಿಖೇತಿನಲ್ಲಿ ಗುರುತಿಸಲ್ಪಟ್ಟ, ಕನ್ನಡದಲ್ಲಿ ಕೊಕ್ಕರೆ ರೋಗವೆನ್ನುವ ಮಾರಿಯು ಬಂದು ಹಿತ್ತಿಲನ್ನು ಬರಿದು ಮಾಡಿದಾಗಲೂ, ನೆರೆಯಲ್ಲೆಲ್ಲಿಯಾದರೂ ಉಳಿದ ಒಂದು ಕಾವಿನ ಹೇಂಟೆಯೇ ಮರಳಿ ಬೀಜವಾಗುತ್ತಿತ್ತು.

ಈ ಕಾವನ್ನು ಕೋಳಿಯಿಂದ ಬೇರ್ಪಡಿಸುವ ಪ್ರಯತ್ನವು ಬಹು ಹಳೆಯದು. ಈಜಿಪ್ಟಿನಲ್ಲಿ ಮೊಟ್ಟೆಗಳನ್ನು ಗೊಬ್ಬರದ ರಾಶಿಯಲ್ಲಿ ಹೂತು ಮರಿ ಮಾಡಿಸುವರೆಂದು ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿಯೇ ಅರಿಸ್ಟಾಟಲನು ಬರೆದನು. ಮುಂದೆ ಅಲ್ಲಿಯವರು ಸಾವಿರಾರು ಮೊಟ್ಟೆಗಳು ಹಿಡಿಯುವ ಇಟ್ಟಿಗೆಯ ಒಲೆಮನೆಗಳನ್ನು ಕಟ್ಟಿದರು. ರೋಮಿನ ಕೊಲುಮೆಲ್ಲನು ಕ್ರಿ. ಶ. ಒಂದನೆಯ ಶತಮಾನದಲ್ಲಿ ಹೇಂಟೆಯನ್ನೇ ನೆಚ್ಚಿ, ಚಳಿಗಾಲದಲ್ಲಿ ಕಡಿಮೆ, ಬೆಚ್ಚನೆಯ ತಿಂಗಳುಗಳಲ್ಲಿ ಹೆಚ್ಚು, ಆದರೆ ಯಾವಾಗಲೂ ಬೆಸಸಂಖ್ಯೆಯ ಮೊಟ್ಟೆಗಳನ್ನಿಡಬೇಕೆಂದು ಬೋಧಿಸಿದನು. ಫ್ರಾನ್ಸಿನ ರೆಯೋಮ್ಯೂರನು 1749ರಲ್ಲಿ ಈಜಿಪ್ಟಿನ ಒಲೆಗಳ ವಿದ್ಯೆಯನ್ನು ವಿವರಿಸಿ ಗ್ರಂಥವನ್ನೇ ರಚಿಸಿದನು. ಕೊನೆಗೆ 1879ರಲ್ಲಿ ಕ್ಯಾಲಿಫೋರ್ನಿಯದ ಪೆಟಲೂಮ ಪಟ್ಟಣದಲ್ಲಿ ಲೈಮನ್ ಬೈಸ್ ಎಂಬವನು ಬಳಕೆಗೆ ಒದಗುವ ಕಾವುಪೆಟ್ಟಿಗೆಯನ್ನು ಸಿದ್ಧಪಡಿಸಿದನು. ಆ ಊರು ಜಗತ್ತಿನ ಮೊಟ್ಟೆಬುಟ್ಟಿಯೆಂದು ಹೆಸರಾಯಿತು.

ಯಂತ್ರವು ಕಾವು ಕೊಡುವುದಾದ ಮೇಲೆ ಹೇಂಟೆಯು ಕೂರುವುದು ಗುಣವಾಗಿ ಉಳಿಯದೆ ದೋಷವಾಯಿತು. ಕಾವಿಗೆ ಬಂದ ಕೋಳಿಯು ವಾರಗಟ್ಟಲೆ ಮೊಟ್ಟೆಯಿಡದು. ಹಳ್ಳಿಯಲ್ಲಿಯೂ ಬೇಡವಾದ ಕಾವನ್ನು ಬಿಡಿಸಲು ಹೇಂಟೆಯನ್ನು ನೀರಿನಲ್ಲಿ ಅದ್ದುವುದುಂಟು. ಆದರೆ ಅದು ಆ ಹೊತ್ತಿನ ಉಪಾಯ. ತಳಿಗಾರರು ಕಾವಿಗೆ ಬರುವ ಕೋಳಿಗಳನ್ನು ತಲೆಮಾರುಗಳ ಕಾಲ ತೆಗೆದುಹಾಕುತ್ತ ಬಂದು, ಆ ಪ್ರವೃತ್ತಿಯನ್ನೇ ರಕ್ತದಿಂದ ಅಳಿಸಿದರು. ಇಟಲಿಯ ಮೂಲದ ಬಿಳಿಯ ಲೆಗ್‌ಹಾರ್ನ್ ಇದಕ್ಕೆ ಪ್ರಸಿದ್ಧ ನಿದರ್ಶನ. ಪ್ರೊಲ್ಯಾಕ್ಟಿನ್ ಎಂಬ ಸ್ರಾವವನ್ನು ಕೊಟ್ಟರೆ ಹೇಂಟೆಯು ಕಾವಿಗೆ ಕೂರುವುದೆಂದು 1935ರಲ್ಲಿ ಅಮೆರಿಕದ ರಿಡ್ಲ್ ಮತ್ತು ಅವನ ಸಂಗಡಿಗರು ತೋರಿಸಿದಾಗ, ತಾಯ್ತನದ ಈ ತಪಸ್ಸಿನ ಕಾರಣವೂ ಬೆಳಕಿಗೆ ಬಂದಿತು.

ಅಭಾವವು ಬಂದಾಗ ಮಾತ್ರ ಸರಕಾರಗಳಿಗೆ ಹಿತ್ತಿಲ ನೆನಪಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕೃಷಿ ಇಲಾಖೆಯು ಮನೆಯಲ್ಲಿ ತಲೆಗೆ ಎರಡರಂತೆ ಹೇಂಟೆಗಳನ್ನು ಸಾಕಿರೆಂದು ಭಿತ್ತಿಪತ್ರಗಳನ್ನು ಅಂಟಿಸಿತು. ಇಂಗ್ಲೆಂಡಿನಲ್ಲಿ 1941ರಿಂದ ಮೊಟ್ಟೆಯು ಪಡಿತರಕ್ಕೆ ಒಳಗಾಗಿ, ಒಬ್ಬರಿಗೆ ವಾರಕ್ಕೆ ಒಂದು ದೊರೆತರೆ ಪುಣ್ಯವೆಂಬಂತಾಯಿತು. ಆ ಪಾಲನ್ನು ಬಿಟ್ಟುಕೊಟ್ಟ ಮನೆಯವರಿಗೆ ಕೋಳಿಯ ಹಿಟ್ಟು ದೊರೆಯುತ್ತಿತ್ತು. ಅಡಿಗೆಮನೆಯ ಸಿಪ್ಪೆಸೆದೆಗಳೊಡನೆ ಅದನ್ನು ಕಲಸಿ ಹಾಕಿ, ಅವರು ಹೂದೋಟದ ಮೂಲೆಯಲ್ಲಿ ನಾಲ್ಕಾರು ಹೇಂಟೆಗಳನ್ನು ಸಾಕಿಕೊಂಡರು. 1953ರಲ್ಲಿ ಮೊಟ್ಟೆಯ ಪಡಿತರವು ಮುಗಿಯಿತು. ಮುಂದಿನ ದಶಕಗಳಲ್ಲಿ ಪೇಟೆಯ ಮೊಟ್ಟೆಯು ಪಂಜರದ ಸಾಲುಗಳಿಂದ ಬರತೊಡಗಿತು.

ಭಾರತದಲ್ಲಿಯೂ ಸ್ವಾತಂತ್ರ್ಯಾನಂತರ ಇದೇ ದಾರಿ ಹಿಡಿಯಲಾಯಿತು. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಕೇಂದ್ರ ಸರಕಾರದ ಕೋಳಿ ಸಾಕಣೆಯ ಕ್ಷೇತ್ರವು ನೆಲೆಗೊಂಡಿತು. ಹಿತ್ತಿಲನ್ನು ಮರೆಯಬಾರದೆಂದು ಬೆಂಗಳೂರಿನ ವಿಜ್ಞಾನಿಗಳು 1980ರ ದಶಕದ ಕೊನೆಗೆ ಗಿರಿರಾಜ ತಳಿಯನ್ನೂ, ಅನಂತರ 2005ರಲ್ಲಿ ಸ್ವರ್ಣಧಾರಾ ತಳಿಯನ್ನೂ ಹೊರತಂದರು. ನಾಟಿ ಹೇಂಟೆಯು ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಯಿಟ್ಟರೆ ಗಿರಿರಾಜವು 130ರಿಂದ 150ರವರೆಗೆ, ಸ್ವರ್ಣಧಾರಾ 180ಕ್ಕೆ ಮೇಲೆ ಇಡುತ್ತವೆ. ಬಡವರ ಮಕ್ಕಳ ಪಾಲಿಗೆ ಇದು ಸಣ್ಣ ಲಾಭವಲ್ಲ. ಹಳೆಯದೆಲ್ಲವೂ ಮೇಲೆನ್ನುವವರು ಈ ಲೆಕ್ಕವನ್ನು ಮರೆಯಲಾಗದು. ಆದರೆ ಇಂಥ ಸುಧಾರಿತ ತಳಿಗಳಲ್ಲಿ ಕಾವಿಗೆ ಕೂರುವ ಗುಣವು ವಿರಳ. ಅವುಗಳ ಮೊಟ್ಟೆಯನ್ನು ಹಳ್ಳಿಯಲ್ಲಿ ಮರಿ ಮಾಡಿಸಬೇಕಾದರೆ ನಾಟಿ ಹೇಂಟೆಯ ಹೊಟ್ಟೆಯ ಕೆಳಗೇ ಇಡಬೇಕು. ಇಲ್ಲವಾದರೆ ಪ್ರತಿ ಸಲವೂ ಹಣ ಕೊಟ್ಟು ಮರಿಯನ್ನು ಹೊರಗಿನಿಂದ ತರಬೇಕು.

ವಿಷಯದ ತಿರುಳು ಇರುವುದು ಇಲ್ಲಿಯೇ. ಮೊಟ್ಟೆಯ ಸಂಖ್ಯೆಯನ್ನು ಎಣಿಸುವವರಿಗೆ ಕಾವು ನಷ್ಟವಾಗಿ ಕಾಣುವುದು ಸಹಜ. ಹಿತ್ತಿಲ ಒಡತಿಗೆ ಅದು ನಷ್ಟವಾಗಿರಲಿಲ್ಲ. ಯಾರ ಬಾಗಿಲಿಗೂ ಹೋಗದೆ ಮುಂದಿನ ವರ್ಷದ ಕೋಳಿಯನ್ನು ತಾನೇ ಪಡೆಯುವ ಅಧಿಕಾರವಾಗಿತ್ತು. ಕಾವು ಪೆಟ್ಟಿಗೆಗೆ ಹೋದಂದು ಆ ಅಧಿಕಾರವೂ ಅದರ ಹಿಂದೆಯೇ ಹೋಯಿತು. ಆದುದರಿಂದ ಹೆಚ್ಚು ಮೊಟ್ಟೆಯಿಡುವ ನಾಲ್ಕು ಹೊಸ ಹೇಂಟೆಗಳನ್ನು ಸಾಕುವ ಮನೆಯವರು, ಕೂರಬಲ್ಲ ಒಂದು ನಾಟಿ ಹೇಂಟೆಯನ್ನೂ ಉಳಿಸಿಕೊಳ್ಳುವುದು ವಿವೇಕ. ಕಥೆಯ ಮುದುಕಿಯು ತನ್ನ ಹುಂಜದ ವಿಷಯದಲ್ಲಿ ಮೋಸಹೋದಳು. ಅದು ಕೂಗದಿದ್ದರೂ ಊರಿಗೆ ಬೆಳಗಾಯಿತು. ಹೇಂಟೆಯನ್ನು ಕುರಿತು ಆಕೆ ಅದೇ ಜಂಬವನ್ನು ಆಡಿದ್ದರೆ ನಗುವುದಕ್ಕೆ ಕಾರಣವಿರುತ್ತಿರಲಿಲ್ಲ.